ಒಂಬತ್ತನೆಯ ಮಡಿಕೆ

ಆ ಸಮುದಾಯ ಕಾಲೇಜಿನಲ್ಲಿ ಲೆಕ್ಕದ ಮೇಡಂ ಎಂದರೆ ಸಂಜೆ ಐದರ ತರಗತಿಗೆ ಬರುವ ದೊಡ್ಡ ದೊಡ್ಡವರೂ ಚಪ್ಪಲಿಯ ಸದ್ದು ಅಡಗಿಸಿಕೊಂಡು ಒಳಗೆ ಬರುತ್ತಿದ್ದರು. ದೊಡ್ಡವರು ಎಂದರೆ ನಿಜಕ್ಕೂ ವಯಸ್ಸಿನಲ್ಲಿ ದೊಡ್ಡವರೇ. ಹೊಲಿಗೆ ಅಂಗಡಿಯವಳು, ಬಸ್ ಕಂಡಕ್ಟರ್, ಫೋಟೋ ಸ್ಟುಡಿಯೋದವನು, ಹೀಗೆ ಹಗಲೆಲ್ಲ ಎಲ್ಲೆಲ್ಲೋ ದುಡಿದು ಬಂದವರು. ಮೇಡಂ ಹಾಕಿದ್ದ ಕಾನೂನು ಎರಡೇ. ಒಂದು, ಉತ್ತರ ಸರಿ ಇದ್ದರೆ ಸಾಲದು, ಅದು ಬಂದ ದಾರಿಯೂ ಕಾಣಬೇಕು. ಸ್ಟೆಪ್ಸ್ ಇಲ್ಲದ ಉತ್ತರಕ್ಕೆ ಅರ್ಧ ಅಂಕ. ಎರಡು, ಕಚ್ಚಾ ಲೆಕ್ಕ ಏನಿದ್ದರೂ ಉತ್ತರ ಪತ್ರಿಕೆಯ ಕೊನೆಯ ಪುಟದಲ್ಲೇ ಮಾಡಬೇಕು, ಅಂಚಿನಲ್ಲಿ ಗೀಚಬಾರದು. ಈ ಎರಡನೆಯ ಕಾನೂನನ್ನು ಚಾಚೂ ತಪ್ಪದೆ ಪಾಲಿಸಿದವನು ಇಡೀ ತರಗತಿಯಲ್ಲಿ ಒಬ್ಬನೇ. ಅವನನ್ನೇ ಮೇಡಂ ಕಾಲೇಜಿನಿಂದ ಹೊರಗೆ ಹಾಕಿಸಿದರು. ಅವನು ಅವರ ಒಡಹುಟ್ಟಿದ ಅಣ್ಣ.

ಕಾಲೇಜಿಗೆ ಮೇಡಂ ಆದರೇನು, ಅಣ್ಣನ ಮನೆಯ ಹೊಸಿಲು ದಾಟಿದರೆ ಅವಳು ತಂಗಿಯೇ. ನಾವೂ ತಂಗಿ ಎಂದೇ ಕರೆಯೋಣ, ಈ ಕತೆಯಲ್ಲಿ ಅವಳ ಸಂಕಟವೆಲ್ಲ ಆ ಕಡೆಯದೇ.

ಅಣ್ಣನನ್ನು ಊರಿನವರು ಬೋರ್ಡಣ್ಣ ಎನ್ನುತ್ತಿದ್ದರು. ಅಂಗಡಿಗಳ ಬೋರ್ಡು, ಶಾಲೆಯ ಗೋಡೆ, ಲಾರಿಗಳ ಹಣೆ, ವೈದ್ಯರ ಬಾಗಿಲು, ಎಲ್ಲಿ ಅಕ್ಷರ ಕಂಡರೂ ಅದರಲ್ಲಿ ಅರ್ಧಕ್ಕರ್ಧ ಅವನದೇ ಕೈ. ಕುಂಚ ಹಿಡಿದರೆ ಮುತ್ತು ಪೋಣಿಸಿದಂಥ ಅಕ್ಷರ. ಪೆನ್ನು ಹಿಡಿದರೆ ಮಾತ್ರ ಕಾಗೆ ಕಾಲು ಗುಬ್ಬಿ ಕಾಲು. ಓದಿದ್ದು ಎಂಟನೆಯ ತರಗತಿ. ಅಪ್ಪ ತೀರಿಕೊಂಡ ವರ್ಷ ಪುಸ್ತಕದ ಚೀಲ ತಂಗಿಗೆ ಕೊಟ್ಟು, ಒಬ್ಬ ಪೇಂಟರ್ ಹಿಂದೆ ಬಣ್ಣದ ಡಬ್ಬ ಹೊತ್ತುಕೊಂಡು ಹೋದವನು ಮತ್ತೆ ಶಾಲೆಯ ಒಳಗೆ ಹೋದದ್ದು ಅದರ ಗೋಡೆಗೆ ಬರೆಯಲಿಕ್ಕೆ.

ಆಗ ತಂಗಿಗೆ ಎಂಟು ವರ್ಷ. ಭಿನ್ನರಾಶಿ ಬಂತೆಂದರೆ ಅವಳ ಕಣ್ಣಲ್ಲಿ ನೀರು ತಯಾರು. ಅಣ್ಣ ಕೈಗೆ ಹತ್ತಿದ ಬಣ್ಣವನ್ನು ಸೀಮೆಎಣ್ಣೆಯಲ್ಲಿ ತಿಕ್ಕಿ ತೊಳೆದು ಬಂದು, ಹಳೆಯ ಪೇಪರಿನ ಅಂಚನ್ನು ಉದ್ದಕ್ಕೆ ಹರಿದು ಅವಳ ಮುಂದೆ ಕೂರುತ್ತಿದ್ದ. "ಅಳಬೇಡ ಪುಟ್ಟಿ, ಮಡಚು. ಇದು ಅರ್ಧ. ಇನ್ನೊಂದ್ಸಲ ಮಡಚು, ಕಾಲು. ಇನ್ನೊಂದ್ಸಲ, ಅರೆಕಾಲು. ಇನ್ನೊಂದ್ಸಲ, ವೀಸ. ಬಿಚ್ಚಿ ನೋಡು, ಎಷ್ಟು ಮನೆ ಆಯ್ತು?" ಅವಳು ಎಣಿಸಿ ಹದಿನಾರು ಎನ್ನುತ್ತಿದ್ದಳು. "ನೋಡಿದ್ಯಾ, ವೀಸ ಅಂದ್ರೆ ಹದಿನಾರರಲ್ಲಿ ಒಂದು. ಅಷ್ಟೇ ಲೆಕ್ಕ." ಪ್ರತಿ ಮಡಿಕೆಯ ಮೇಲೂ ಹೆಬ್ಬೆರಳ ಉಗುರನ್ನು ಒಂದೇ ಸಲ ಒತ್ತಿ ಎಳೆಯುವುದು ಅವನ ಅಭ್ಯಾಸ. ಬೇಕಾದ ಮನೆ ಸಿಕ್ಕಿದಾಗ ಅಲ್ಲಿ ಉಗುರಿನಲ್ಲೇ ಒಂದು ಪುಟ್ಟ ಗೀರು ಹಾಕುತ್ತಿದ್ದ. ಬೋರ್ಡಿನ ಮೇಲೆ ಅಕ್ಷರಗಳ ಜಾಗ ಹಂಚುವುದೂ ಅವನು ಹೀಗೆಯೇ.

ತಂಗಿ ಲೆಕ್ಕದಲ್ಲಿ ಮುಂದೆ ಬಂದಳು. ಬಂದಳು ಎಂದರೆ ಎಷ್ಟು ಮುಂದೆ ಬಂದಳೆಂದರೆ, ಕಾಗದ ಮಡಚುವುದೂ ಒಂದು ಲೆಕ್ಕ ಎಂಬುದು ಅವಳಿಗೆ ಮರೆತೇ ಹೋಯಿತು.

ಫ್ಲೆಕ್ಸ್ ಬಂದ ಮೇಲೆ ಬೋರ್ಡಣ್ಣನ ಕೆಲಸಕ್ಕೆ ಕುತ್ತು ಬಂತು. ಒಂದು ವಾರ ಬರೆಯುವ ಬೋರ್ಡನ್ನು ಯಂತ್ರ ಅರ್ಧ ಗಂಟೆಯಲ್ಲಿ ಉಗುಳುತ್ತಿತ್ತು. ಏಣಿ ಹತ್ತಿ ಹತ್ತಿ ಮಂಡಿ ಬೇರೆ ಕೈಕೊಟ್ಟಿತ್ತು. ಆಗಲೇ ಪ್ರಿಂಟಿಂಗ್ ಪ್ರೆಸ್ಸಿನ ಯಜಮಾನ ಒಂದು ಆಸೆ ಹುಟ್ಟಿಸಿದ್ದು. "ನಿಮ್ಮ ಕಣ್ಣು ಇರೋ ಮನುಷ್ಯ ನನ್ನ ಹುಡುಗರಲ್ಲಿ ಒಬ್ಬನೂ ಇಲ್ಲ. ಆದರೆ ದೊಡ್ಡ ಕೆಲಸ ಕೊಡೋರು ಡಿಸೈನರ್ ಡಿಪ್ಲೊಮಾ ಕೇಳ್ತಾರೆ. ತಂದುಬಿಡಿ, ಕಿಟಕಿ ಪಕ್ಕದ ಕುರ್ಚಿ ನಿಮ್ಮದು," ಎಂದಿದ್ದ. ಸಮುದಾಯ ಕಾಲೇಜಿನಲ್ಲಿ ಮಲ್ಟಿಮೀಡಿಯಾ ಡಿಸೈನ್ ಡಿಪ್ಲೊಮಾ ಇತ್ತು; ದುಡಿಯುವವರಿಗೆಂದು ಕೆಲವು ಸೀಟುಗಳೂ ಇದ್ದವು. ಐವತ್ನಾಲ್ಕು ವರ್ಷದ ಬೋರ್ಡಣ್ಣ ಅರ್ಜಿ ಹಾಕಿ ಸೇರಿಯೇಬಿಟ್ಟ.

ಮೊದಲ ವಾರ ಮೌಸ್ ಹಿಡಿಯಲು ಬಾರದೆ ಮೇಜಿನ ಅಂಚಿನಿಂದ ಆಚೆ ತಳ್ಳಿ ಬೀಳಿಸುತ್ತಿದ್ದ. "ಈ ವಯಸ್ಸಲ್ಲಿ ಇಲಿ ಹಿಡಿಯೋ ಕೆಲಸ ಬಂತಲ್ಲಪ್ಪ," ಎಂದು ತಾನೇ ನಗುತ್ತಿದ್ದ. ಮೂರನೆಯ ತಿಂಗಳಿಗೆ ಡಿಸೈನ್ ಮೇಷ್ಟ್ರು, ಅಂದರೆ ಅವನ ಮಗನ ವಯಸ್ಸಿನ ಒಬ್ಬ ಕನ್ನಡಕದ ಯುವಕ, ಅವನ ಪರದೆಯ ಹಿಂದೆ ಬಂದು ನಿಂತರೆ ಕದಲುತ್ತಿರಲಿಲ್ಲ. ಅಕ್ಷರ ಅಕ್ಷರದ ನಡುವಿನ ಜಾಗ, ಚಿತ್ರದ ಸುತ್ತಲಿನ ಬಯಲು, ಯಾವ ಬಣ್ಣ ಹಿಂದೆ ಸರಿಯಬೇಕು ಯಾವುದು ಮುಂದೆ ಬರಬೇಕು, ಇದೆಲ್ಲ ಬೋರ್ಡಣ್ಣನಿಗೆ ಕಣ್ಣಳತೆಯಲ್ಲೇ ಇತ್ತು. "ಸಾರ್, ನೀವು ನನಗೆ ಪಾಠ ಮಾಡಬೇಕು," ಎಂದರು ಮೇಷ್ಟ್ರು ಒಂದು ದಿನ ಎಲ್ಲರೆದುರಿಗೇ. ಅಣ್ಣ ಆ ಮಾತನ್ನು ಮನೆಗೆ ತಂದು ಹೆಂಡತಿಗೆ ಮೂರು ಸಲ ಹೇಳಿದ.

ಉಳಿದದ್ದು ಗಣಿತ. ಡಿಪ್ಲೊಮಾ ಬೇಕಾದರೆ ಒಂದು ಗಣಿತದ ಪತ್ರಿಕೆ ಪಾಸಾಗಲೇಬೇಕು: ಅನುಪಾತ, ಶೇಕಡಾ, ಪರದೆಯ ಅಳತೆ, ಇಂಥವು. ಕಲಿಸುವವಳು ತಂಗಿ. ಕಾಲೇಜಿಗೆ ಇದ್ದವಳು ಅವಳೊಬ್ಬಳೇ ಲೆಕ್ಕದ ಟೀಚರು, ಹಾಗಾಗಿ ಪತ್ರಿಕೆ ತಿದ್ದುವವಳೂ ಅವಳೇ. ಅವಳು ಮುಂಚಿತವಾಗಿಯೇ ಪ್ರಿನ್ಸಿಪಾಲರಿಗೆ ಬರೆದು ತಿಳಿಸಿದಳು. "ಉತ್ತರ ಪತ್ರಿಕೆ ಮೇಲೆ ಬರೀ ನಂಬರ್ ಇರುತ್ತಲ್ಲಮ್ಮ, ಚಿಂತೆ ಯಾಕೆ?" ಎಂದರು ಅವರು. ಸ್ಟಾಫ್ ರೂಮಿನಲ್ಲಿ ಮಾತ್ರ ಬಾಯಿಗಳು ಸುಮ್ಮನಿರಲಿಲ್ಲ. "ಅಣ್ಣನಿಗೆ ಎಷ್ಟು ಹಾಕಬೇಕು ಅಂತ ಅತ್ತಿಗೆ ಫೋನ್ ಬಂತಾ?" ಎಂದು ವಾಣಿಜ್ಯದ ಟೀಚರು ಟೀ ಹೀರುತ್ತ ಕೇಳುತ್ತಿದ್ದರು. ತಮಾಷೆಗೇ ಕೇಳುತ್ತಿದ್ದರು, ಆದರೆ ಆ ತಮಾಷೆ ತಂಗಿಗೆ ಮುಳ್ಳಿನ ಹಾಗೆ ಚುಚ್ಚುತ್ತಿತ್ತು. ಹದಿನೆಂಟು ವರ್ಷದ ನೌಕರಿಯಲ್ಲಿ ಅವಳು ಒಂದು ಅಂಕವನ್ನೂ ದಾಕ್ಷಿಣ್ಯಕ್ಕೆ ಹಾಕಿದವಳಲ್ಲ.

ತರಗತಿಯಲ್ಲಿ ಅಣ್ಣ ಕೊನೆಯ ಬೆಂಚಿನಲ್ಲಿ ಕೂತು ಅವಳನ್ನು ಮೇಡಂ ಎಂದೇ ಕರೆಯುತ್ತಿದ್ದ. ಅವಳು ಬೋರ್ಡಿನ ಮೇಲೆ ಬರೆದದ್ದನ್ನೆಲ್ಲ ಬರೆದುಕೊಳ್ಳುತ್ತಿದ್ದ. ಪ್ರಶ್ನೆ ಕೇಳಿದರೆ ಉತ್ತರ ಸರಿಯಾಗಿ ಹೇಳುತ್ತಿದ್ದ. ಹೇಗೆ ಬಂತು ಎಂದರೆ ತಲೆ ಕೆರೆದುಕೊಳ್ಳುತ್ತಿದ್ದ. ಬೇರೆಯವರಾಗಿದ್ದರೆ ಅವಳು ಹತ್ತಿರ ಹೋಗಿ ಕೂತು, ಹೇಗೆ ಬಂತು ತೋರಿಸಿ ಎನ್ನುತ್ತಿದ್ದಳು. ಅಣ್ಣನ ಬೆಂಚಿನ ಹತ್ತಿರ ಹೋದರೆ ಯಾರಾದರೂ ಏನಾದರೂ ಅಂದಾರು ಎಂದು ಅವಳು ಆ ಕಡೆಗೆ ಹೆಜ್ಜೆ ಹಾಕಿದ್ದೇ ಕಡಿಮೆ.

ಪರೀಕ್ಷೆಗೆ ಮುಂಚಿನ ಭಾನುವಾರ ಅವಳು ಅಣ್ಣನ ಮನೆಗೆ ಹೋಗಿದ್ದಳು. ಅತ್ತಿಗೆ ಕಾಫಿ ಕೊಟ್ಟರು. ಅಣ್ಣ ಪುಸ್ತಕ ಪಕ್ಕಕ್ಕಿಟ್ಟು ಕೇಳಿದ:

"ಮೇಡಂ, ಒಂದು ಅನುಮಾನ. ಪೇಪರ್ ಮೇಲೆ ಹೆಸರಿರಲ್ವಂತೆ. ನಂದು ಯಾವುದು ಅಂತ ನಿಂಗೆ ಹೇಗೆ ಗೊತ್ತಾಗತ್ತೆ?"

"ಗೊತ್ತಾಗಬಾರದು ಅಂತಾನೇ ನಂಬರ್ ಹಾಕೋದು."

"ಅಕ್ಷರ ನೋಡಿದ್ರೂ ಗೊತ್ತಾಗಲ್ಲ. ಅರ್ಧ ಕ್ಲಾಸಿಂದು ನನ್ನ ಹಾಗೇ ಕೋಳಿ ಕೆದರಿದ ಅಕ್ಷರ. ಹೋಗ್ಲಿ, ಮೂಲೇಲಿ ಒಂದು ಹೂವು ಬರೆದುಬಿಡ್ತೀನಿ."

ಅತ್ತಿಗೆ ನಕ್ಕರು. ತಂಗಿ ನಗಲಿಲ್ಲ. "ಅಣ್ಣ, ತಮಾಷೆಗೂ ಇಂಥ ಮಾತಾಡಬೇಡ," ಎಂದು ಕಾಫಿಯನ್ನು ಅರ್ಧಕ್ಕೇ ಬಿಟ್ಟು ಎದ್ದಳು. ಅಣ್ಣ ಬಾಗಿಲವರೆಗೆ ಬಂದು, "ಲೇ, ಸುಮ್ನೆ ಅಂದೆ ಕಣೇ," ಎಂದ. ಅವಳು ಆ ಕೊನೆಯ ಮಾತನ್ನು ಕಿವಿಗೆ ಹಾಕಿಕೊಳ್ಳಲಿಲ್ಲ, ಮೊದಲಿನದನ್ನು ಮಾತ್ರ ಜೋಪಾನವಾಗಿ ಇಟ್ಟುಕೊಂಡಳು.

ಪತ್ರಿಕೆ ತಿದ್ದುವ ಕೋಣೆ ಕಾಲೇಜಿನ ಮೇಲಿನ ಮಹಡಿಯಲ್ಲಿತ್ತು. ಹಸಿರು ಬಟ್ಟೆ ಹಾಸಿದ ಉದ್ದ ಮೇಜು, ತಿರುಗುವಾಗಲೆಲ್ಲ ಟಕ್ ಎನ್ನುವ ಫ್ಯಾನು. ನಲವತ್ತೊಂದು ಪತ್ರಿಕೆಗಳಲ್ಲಿ ಇಪ್ಪತ್ತಾರು ಮುಗಿಸಿ ಇಪ್ಪತ್ತೇಳನೆಯದನ್ನು ಎಳೆದುಕೊಂಡಳು. ಒಳ್ಳೆಯ ಪತ್ರಿಕೆ. ಅಕ್ಷರ ಚೆನ್ನಾಗಿರಲಿಲ್ಲ, ಆದರೆ ಸ್ಟೆಪ್ಸ್ ಒಂದೊಂದೂ ಕಷ್ಟಪಟ್ಟು ಬರೆದದ್ದು. ಯಾರೋ ಪಾಪ ಚೆನ್ನಾಗಿ ಓದಿದ್ದಾರೆ ಎಂದುಕೊಂಡಳು. ಎಂಟನೆಯ ಪ್ರಶ್ನೆಗೆ ಬಂದಳು: ಒಂದು ಚಿತ್ರದ ಅಗಲ ಮತ್ತು ಎತ್ತರದ ಅನುಪಾತ ಹದಿನಾರಕ್ಕೆ ಒಂಬತ್ತು, ಅಗಲ ಇಪ್ಪತ್ನಾಲ್ಕು ಸೆಂಟಿಮೀಟರ್ ಆದರೆ ಎತ್ತರ ಎಷ್ಟು? ಕೆಳಗೆ ಹದಿಮೂರೂವರೆ ಎಂದಷ್ಟೇ ಇತ್ತು. ಉತ್ತರ ಸರಿ, ದಾರಿ ಇಲ್ಲ. ಕಚ್ಚಾ ಲೆಕ್ಕವಾದರೂ ಇರಬಹುದೇನೋ ಎಂದು ಕೊನೆಯ ಪುಟ ತಿರುವಿದಳು.

ಪುಟ ಖಾಲಿ. ಒಂದು ಅಂಕಿಯೂ ಇಲ್ಲ. ಆದರೆ ಮೇಲಿನಿಂದ ಕೆಳಕ್ಕೆ, ಒಂದರ ಪಕ್ಕ ಒಂದು, ಅಂಚಿನಿಂದ ಅಂಚಿಗೆ ಮಡಿಕೆಗಳು. ಪ್ರತಿಯೊಂದೂ ಉಗುರಿನಲ್ಲಿ ಒತ್ತಿ ಎಳೆದದ್ದು.

ಅದು ಯಾರ ಉಗುರು ಎಂದು ಅವಳಿಗೆ ಆ ಕ್ಷಣವೇ ಗೊತ್ತಾಯಿತು. ಅಂಗಿ ಮಡಚಿದರೂ ಪತ್ರ ಮಡಚಿದರೂ ಅಣ್ಣನ ಮಡಿಕೆ ಹಾಗೆಯೇ. ಗುರುತು ಸಿಕ್ಕಿತು, ಗುರುತು ಸಿಕ್ಕಿದ್ದೇ ತಪ್ಪಾಗಿಹೋಯಿತು. ಯಾಕೆ ಮಡಚಿದ ಎಂದು ಅವಳು ಒಂದು ಗಳಿಗೆಯೂ ಯೋಚಿಸಲಿಲ್ಲ; ನನಗೆ ಗೊತ್ತಾಗಲಿ ಅಂತಲೇ ಮಡಚಿದ್ದಾನೆ ಎಂದು ತೀರ್ಮಾನಿಸಿಬಿಟ್ಟಳು. ಹೂವು ಬರೆಯುತ್ತೇನೆ ಅಂದವನು ಮಡಿಕೆ ಹಾಕಿದ್ದಾನೆ, ಅಷ್ಟೇ ವ್ಯತ್ಯಾಸ. ಮೈ ಉರಿಯಿತು. ತನ್ನನ್ನು ಇಷ್ಟು ಅಗ್ಗಕ್ಕೆ ಎಣಿಸಿದನಲ್ಲ ಎಂದು ಕಣ್ಣಲ್ಲಿ ನೀರೂ ಬಂತು. ಉಳಿದ ಎರಡು ಪ್ರಶ್ನೆಗಳನ್ನು ತಿದ್ದಲಿಲ್ಲ, ಅಂಕ ಕೂಡಿಸಲಿಲ್ಲ. ಬಿಳಿ ಹಾಳೆ ತೆಗೆದು ಪ್ರಿನ್ಸಿಪಾಲರಿಗೆ ಬರೆದಳು: ಇಪ್ಪತ್ತೇಳನೆಯ ಉತ್ತರ ಪತ್ರಿಕೆಯ ಕೊನೆಯ ಪುಟದಲ್ಲಿ ಪರೀಕ್ಷಕರಿಗೆ ಗುರುತು ಸಿಗುವ ಉದ್ದೇಶದಿಂದ ಮಡಿಕೆಗಳನ್ನು ಹಾಕಲಾಗಿದೆ, ನಿಯಮದ ಪ್ರಕಾರ ಕ್ರಮ ಕೈಗೊಳ್ಳಬೇಕು.

ಬರೆದು ಕೊಟ್ಟು ಮೆಟ್ಟಿಲಿಳಿಯುವಾಗ ಅವಳಿಗೆ ತನ್ನ ಬಗ್ಗೆ ಒಂದಿಷ್ಟು ಹೆಮ್ಮೆಯೂ ಆಯಿತು. ಮುಚ್ಚಿಟ್ಟು ಏನು ಪ್ರಯೋಜನ, ಆದದ್ದು ಹೌದು. ವಾಣಿಜ್ಯದ ಟೀಚರು ಇನ್ನು ಯಾವ ಬಾಯಲ್ಲಿ ಕೇಳುತ್ತಾರೆ ನೋಡೋಣ ಎಂದುಕೊಂಡಳು.

ಮುಂದಿನ ವಾರ ವಿಚಾರಣೆ. ಪ್ರಿನ್ಸಿಪಾಲರು, ಪರೀಕ್ಷಾ ವಿಭಾಗದ ಗುಮಾಸ್ತ, ಹಿರಿಯ ಟೀಚರೊಬ್ಬರು ಒಂದು ಕಡೆ. ತಂಗಿಯ ಕುರ್ಚಿ ಗೋಡೆಯ ಪಕ್ಕ. ಅಣ್ಣ ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಬಂದಿದ್ದ. ಉಗುರಿನ ಸಂದಿಯಲ್ಲಿ ಮಾತ್ರ ನೀಲಿ ಬಣ್ಣ ಹಾಗೇ ಇತ್ತು.

"ಇದನ್ನ ಮಡಚಿದ್ದು ನೀವೇನಾ?" ಎಂದರು ಪ್ರಿನ್ಸಿಪಾಲರು.

"ನಾನೇ ಸಾರ್."

"ಯಾಕೆ?"

ಅಣ್ಣ ತಂಗಿಯ ಕಡೆಗೆ ನೋಡಿದ. ಕೇಳುವ ನೋಟವಲ್ಲ, ಬೇಡುವ ನೋಟವೂ ಅಲ್ಲ. ಇವಳು ಹೇಳುತ್ತಾಳೆ ಎಂದು ಕಾಯುವವನ ಹಾಗೆ ನೋಡಿದ. ಅವಳು ಗೋಡೆಯ ಗಡಿಯಾರ ನೋಡಿದಳು.

"ಅಭ್ಯಾಸ ಸಾರ್," ಎಂದ ಅಣ್ಣ.

"ಗುರುತು ಸಿಗಲಿ ಅಂತ ಮಡಚಿದ್ದೀರಿ ಅಂತ ಇದರಲ್ಲಿದೆ."

"ಮೇಡಂ ಹಾಗೆ ಬರೆದಿದ್ದಾರಾ?"

"ಹೌದು."

ಅವನು ತನ್ನ ಕೈಗಳನ್ನು ನೋಡಿಕೊಂಡ. "ಹಾಗಾದ್ರೆ ಹಾಗೇ ಇರ್ಲಿ ಬಿಡಿ ಸಾರ್. ಅವರು ಲೆಕ್ಕದವರು, ಅಳೆದು ತೂಗಿ ಬರೆದಿರ್ತಾರೆ."

ಆ ಮಾತನ್ನು ತಂಗಿ ಕೊಂಕು ಎಂದುಕೊಂಡಳು. ಒಪ್ಪಿಕೊಂಡನಲ್ಲ, ಇನ್ನೇನು ಬೇಕು ಎಂದೂ ಅಂದುಕೊಂಡಳು. ಪತ್ರಿಕೆ ರದ್ದಾಯಿತು, ಒಂದು ವರ್ಷ ಪರೀಕ್ಷೆಗೆ ಕೂರುವಂತಿಲ್ಲ ಎಂದು ಆದೇಶವಾಯಿತು. ಒಂದು ವರ್ಷ ತಾನೇ, ಬುದ್ಧಿ ಬಂದ ಮೇಲೆ ಬರೆಯಲಿ ಎಂದು ಅವಳು ಸಮಾಧಾನ ತಂದುಕೊಂಡಳು. ಮರುದಿನ ಡಿಸೈನ್ ಮೇಷ್ಟ್ರು ಕಾರಿಡಾರಿನಲ್ಲಿ ಅವಳನ್ನು ತಡೆದು ನಿಲ್ಲಿಸಿದರು.

"ಮೇಡಂ, ಇನ್ನು ಅವರು ಹೊಸದಾಗಿ ಸೇರಬೇಕು, ದುಡಿಯುವವರ ಸೀಟಿಗೆ ಐವತ್ತೈದು ಮಿತಿ ಅಲ್ವಾ? ಒಂದು ವರ್ಷ ಕಳೆಯೋ ಹೊತ್ತಿಗೆ ಅವರಿಗೆ ಐವತ್ತೈದು ದಾಟಿರುತ್ತೆ. ಸೀಟು ಹೋಯ್ತು. ನಿಮ್ಗೆ ಗೊತ್ತಿರ್ಲಿಲ್ವಾ?"

ಗೊತ್ತಿರಲಿಲ್ಲ. ಊರಿಗೆಲ್ಲ ಲೆಕ್ಕ ಹೇಳುವವಳು ಅಣ್ಣನ ವಯಸ್ಸಿಗೆ ಒಂದು ಕೂಡಿಸಿ ನೋಡಿರಲಿಲ್ಲ. ಆದರೆ ತಪ್ಪು ಮಾಡಿದವನು ಅವನು ತಾನೇ, ನಿಯಮ ನಾನು ಮಾಡಿದ್ದಲ್ಲವಲ್ಲ ಎಂದು ಮನಸ್ಸಿನ ಬಾಯಿ ಮುಚ್ಚಿಸಿದಳು. ಎರಡು ತಿಂಗಳಿಗೆ ಪ್ರೆಸ್ಸಿನ ಕಿಟಕಿ ಪಕ್ಕದ ಕುರ್ಚಿಗೆ ಬೇರೆ ಯಾರೋ ಬಂದರು.

ಅಣ್ಣ ಜಗಳ ಆಡಿದ್ದರೆ ಚೆನ್ನಾಗಿತ್ತು. ಅವನು ಆಡಲಿಲ್ಲ. ಎಂದಿನಂತೆ ಅವಳ ಮನೆಗೆ ಬಂದ, ಗೇಟಿನ ಸಡಿಲವಾದ ಚಿಲಕ ಕೂರಿಸಿಕೊಟ್ಟ, ಹಜಾರದಲ್ಲಿ ಕೂತು ಹವಾಮಾನದ ಮಾತಾಡಿ ಹೋದ. ಪುಟ್ಟಿ ಎಂದು ಕರೆಯುವುದನ್ನು ಮಾತ್ರ ಬಿಟ್ಟ. ಮನೆಯಲ್ಲೂ ಮೇಡಂ ಎನ್ನತೊಡಗಿದ್ದ, ಮೊದಲಿನಂತೆ ನಗುತ್ತ ಅಲ್ಲ. ಅತ್ತಿಗೆ ನೇರವಾಗಿ ಏನೂ ಅನ್ನಲಿಲ್ಲ. ಅವಳು ಹೋದಾಗ ಕಾಫಿ ಇಟ್ಟು ಒಳಗೆ ಹೋದವರು ಅವಳು ಹೊರಡುವವರೆಗೂ ಹೊರಗೆ ಬರುತ್ತಿರಲಿಲ್ಲ.

ಹೀಗೆ ಒಂದು ವರ್ಷವಾಯಿತು. ಅಣ್ಣನಿಗೆ ಈಗ ಒಂದು ಹೊಸ ದೊಡ್ಡ ಕಟ್ಟಡದ ನೆಲಮಾಳಿಗೆಯಲ್ಲಿ ಕೆಲಸ. ಕಾರು ನಿಲ್ಲಿಸುವ ಜಾಗಗಳಿಗೆ ಹಳದಿ ಗೆರೆ ಎಳೆದು ನಂಬರ್ ಬರೆಯುವುದು. ಊರು ತಲೆಯೆತ್ತಿ ಓದುತ್ತಿದ್ದ ಅಕ್ಷರ ಬರೆದವನು ಈಗ ಚಕ್ರ ಹರಿಯುವ ಜಾಗದಲ್ಲಿ ಒಂದು, ಎರಡು, ಮೂರು ಎಂದು ಬರೆಯುತ್ತಿದ್ದ. ಒಂದು ರಜೆಯ ದಿನ ತಂಗಿ ಅಣ್ಣನ ಮನೆಗೆ ಹೋದಾಗ ಅತ್ತಿಗೆ ಬಾಗಿಲಲ್ಲೇ ನಿಂತಿದ್ದರು, ಕೈಯಲ್ಲಿ ಊಟದ ಡಬ್ಬಿ.

"ಮರೆತು ಹೋಗಿದ್ದಾರೆ. ನಿನ್ನ ದಾರಿಯಲ್ಲೇ ಅಲ್ವಾ ಆ ಕಟ್ಟಡ? ಕೊಟ್ಟುಬಿಡ್ತೀಯಾ?" ಎಂದರು. ಒಂದು ವರ್ಷದಲ್ಲಿ ಅತ್ತಿಗೆ ಅವಳಿಗೆ ಹೇಳಿದ ಮೊದಲ ಕೆಲಸ ಅದು. ಅವಳು ಎರಡೂ ಕೈಯಲ್ಲಿ ಡಬ್ಬಿ ತೆಗೆದುಕೊಂಡಳು.

ನೆಲಮಾಳಿಗೆಯಲ್ಲಿ ಸಿಮೆಂಟಿನ ಹಸಿ ವಾಸನೆ, ಬಣ್ಣದ ಘಾಟು. ಟ್ಯೂಬ್ ಲೈಟುಗಳ ಕೆಳಗೆ ಸಾಲು ಸಾಲು ಕಂಬಗಳು. ದೂರದಲ್ಲಿ ಅಣ್ಣ ಮಂಡಿಗೆ ಗೋಣಿಚೀಲ ಹಾಸಿಕೊಂಡು ಕೂತಿದ್ದ, ಬೆನ್ನು ಈ ಕಡೆಗೆ. ಅವಳು ಕರೆಯಬೇಕೆಂದಿದ್ದವಳು ಹಾಗೆಯೇ ನಿಂತಳು. ಅವನು ಅಂಗಡಿಯಲ್ಲಿ ಬಿಲ್ಲು ಹಾಕುವ ಕಾಗದದ ಸುರುಳಿಯನ್ನು ಒಂದು ಕಂಬದಿಂದ ಇನ್ನೊಂದು ಕಂಬದವರೆಗೆ ನೆಲದ ಮೇಲೆ ಬಿಡಿಸಿ ಹರಿದ. ಅಳತೆ ಟೇಪು ಸೊಂಟದಲ್ಲೇ ಇತ್ತು, ಅದನ್ನು ಮುಟ್ಟಲಿಲ್ಲ. ಕಾಗದದ ಎರಡು ತುದಿ ಸೇರಿಸಿ ಮಡಚಿದ. ಉಗುರು ಒತ್ತಿ ಎಳೆದ. "ಅರ್ಧ," ಎಂದ ತನ್ನಷ್ಟಕ್ಕೆ. ಇನ್ನೊಮ್ಮೆ ಮಡಚಿದ. "ಕಾಲು." ಬಿಚ್ಚಿ ನೆಲಕ್ಕೆ ಹಾಸಿ ಪ್ರತಿ ಮಡಿಕೆಯ ಎದುರಿಗೆ ಸೀಮೆಸುಣ್ಣದ ಚುಕ್ಕೆ ಇಟ್ಟ. ನಾಲ್ಕು ಕಾರಿಗೆ ನಾಲ್ಕು ಸಮ ಜಾಗ. ಎರಡು ನಿಮಿಷವೂ ಹಿಡಿಯಲಿಲ್ಲ.

ತಂಗಿಯ ಬಾಯಲ್ಲಿ ತಾನಾಗಿಯೇ ಬಂತು: ಅರ್ಧ, ಕಾಲು, ಅರೆಕಾಲು, ವೀಸ. ಸೀಮೆಎಣ್ಣೆ ವಾಸನೆಯ ಎರಡು ಕೈ, ಹರಿದ ಪೇಪರಿನ ಅಂಚು, ಅಳಬೇಡ ಪುಟ್ಟಿ. ಹದಿನಾರಕ್ಕೆ ಒಂಬತ್ತು. ಅವಳು ಡಬ್ಬಿಯನ್ನು ಹತ್ತಿರದ ಕಂಬದ ಬುಡದಲ್ಲಿಟ್ಟು, ಮೇಲೆ ಕಾಯುತ್ತಿದ್ದ ಕಾವಲಿನವನಿಗೆ ಹೇಳಿ, ಸೀದಾ ಕಾಲೇಜಿಗೆ ಹೋದಳು.

ರಜೆಯಾದರೂ ಗುಮಾಸ್ತ ಫೈಲುಗಳ ನಡುವೆ ಕೂತಿದ್ದ. ವಿಚಾರಣೆಯ ಪತ್ರಿಕೆಗಳನ್ನು ಎರಡು ವರ್ಷ ಇಡುವ ಪದ್ಧತಿ, ಹಾಗಾಗಿ ಇಪ್ಪತ್ತೇಳನೆಯದು ಸಿಕ್ಕಿತು. ಅವಳು ಕೊನೆಯ ಪುಟ ತೆಗೆದು ಹಳೆಯ ಮಡಿಕೆಗಳ ಮೇಲೆಯೇ ಮಡಚಿದಳು. ಕಾಗದಕ್ಕೆ ದಾರಿ ಗೊತ್ತಿತ್ತು. ನಾಲ್ಕು ಸಲ. ಬಿಚ್ಚಿ ಎಣಿಸಿದಳು, ಹದಿನಾರು ಮನೆ. ಮಡಿಕೆಗಳ ಮೇಲೆ ಒಂದೊಂದಾಗಿ ಬೆರಳಾಡಿಸಿದಳು. ಒಂಬತ್ತನೆಯದರ ಮೇಲೆ ಬೆರಳಿಗೆ ಏನೋ ತಾಕಿತು. ಕಣ್ಣಿಗೆ ಸರಿಯಾಗಿ ಕಾಣದಂಥ ಒಂದು ಉಗುರಿನ ಗೀರು. ಇಪ್ಪತ್ನಾಲ್ಕರಲ್ಲಿ ಒಂದು ವೀಸ ಅಂದರೆ ಒಂದೂವರೆ, ಒಂಬತ್ತು ವೀಸ ಅಂದರೆ ಹದಿಮೂರೂವರೆ. ಕಚ್ಚಾ ಲೆಕ್ಕವನ್ನು ಕೊನೆಯ ಪುಟದಲ್ಲೇ ಮಾಡಬೇಕು ಎಂದು ಮೇಡಂ ಹೇಳಿದ್ದರು. ಅವನು ಅಲ್ಲೇ ಮಾಡಿದ್ದ.

ಅವಳು ಗುಮಾಸ್ತನ ಮೇಜಿನ ಕೆಂಪು ಪೆನ್ನು ತೆಗೆದುಕೊಂಡು ಎಂಟನೆಯ ಪ್ರಶ್ನೆಗೆ ಅಂಕ ಹಾಕಿದಳು. ಉಳಿದಿದ್ದ ಎರಡನ್ನೂ ತಿದ್ದಿದಳು. ಕೂಡಿಸಿದಳು. ನೂರಕ್ಕೆ ಎಪ್ಪತ್ತೊಂದು. ಪಾಸಾಗಲು ನಲವತ್ತು ಸಾಕಿತ್ತು.

"ಮೇಡಂ, ರದ್ದಾದ ಪತ್ರಿಕೆ ಅದು. ಈಗ ತಿದ್ದಿ ಏನು ಮಾಡ್ತೀರಿ?" ಎಂದ ಗುಮಾಸ್ತ ಮೆತ್ತಗೆ.

ಅವಳು ಪತ್ರಿಕೆಯನ್ನು ಬೇರೆಯಾಗಿ ತೆಗೆದಿಡಲು ಹೇಳಿದಳು. ಮರುದಿನ ಬೆಳಿಗ್ಗೆ ಪ್ರಿನ್ಸಿಪಾಲರ ಮುಂದೆ ಪತ್ರಿಕೆ ಹರವಿ ಎಲ್ಲ ಹೇಳಿದಳು. ತಪ್ಪು ನನ್ನದು, ಬರೆದು ಕೊಡುತ್ತೇನೆ, ಏನು ಬೇಕಾದರೂ ಕ್ರಮ ಕೈಗೊಳ್ಳಿ, ಅಣ್ಣನ ಸೀಟು ಮಾತ್ರ ಕೊಡಿಸಿ ಎಂದು ಬೇಡಿಕೊಂಡಳು. ಅವರು ಒಳ್ಳೆಯವರೇ, ಫೈಲು ತರಿಸಿ ತೆರೆದು ನೋಡಿದರು. ಆದೇಶ ಮೇಲಿನ ಕಚೇರಿಗೆ ಹೋಗಿ ವರ್ಷವಾಯಿತು, ಮೇಲ್ಮನವಿಗೆ ಇದ್ದ ಮೂರು ತಿಂಗಳು ಮುಗಿದವು, ವಯಸ್ಸಂತೂ ಯಾರ ಕೈಯಲ್ಲೂ ಇಲ್ಲ. "ನಿಮ್ಮ ಪತ್ರ ಫೈಲಿಗೆ ಸೇರಿಸ್ತೀನಮ್ಮ. ಅದಕ್ಕಿಂತ ಹೆಚ್ಚಿಗೆ ನನ್ನಿಂದ ಆಗಲ್ಲ. ಅವತ್ತು ಅವರು ಒಂದು ಮಾತು ಹೇಳಿದ್ರೆ ಮುಗೀತಿತ್ತಲ್ಲ," ಎಂದರು.

ಆ ಪ್ರಶ್ನೆಯನ್ನೇ ಹೊತ್ತುಕೊಂಡು ಅವಳು ಮಧ್ಯಾಹ್ನ ನೆಲಮಾಳಿಗೆಗೆ ಇಳಿದಳು. ಅಣ್ಣ ಒಂದು ಐದನ್ನು ಮುಗಿಸುತ್ತಿದ್ದ. ಚಕ್ರದ ಕೆಳಗೆ ಸಿಕ್ಕಿ ಅಳಿಸಿಹೋಗುವ ಐದಕ್ಕೂ ಅವನು ಹೊಟ್ಟೆ ದುಂಡಗೆ ಬರುವ ಹಾಗೆ ಉಸಿರು ಹಿಡಿದು ತಿರುವು ಕೊಡುತ್ತಿದ್ದ. ಅವಳನ್ನು ಕಂಡು ಕುಂಚ ಡಬ್ಬದ ಅಂಚಿಗೆ ಒರಗಿಸಿದ.

"ಏನ್ ಮೇಡಂ, ನಿನ್ನೆ ಡಬ್ಬಿ ಇಟ್ಟು ಹಾಗೇ ಹೋಗಿಬಿಟ್ರಂತೆ."

"ಅಣ್ಣ, ಯಾಕೆ ಹೇಳಲಿಲ್ಲ?"

ಯಾವುದನ್ನು ಎಂದು ಅವನು ಕೇಳಲಿಲ್ಲ. ಅವಳ ಮುಖದಲ್ಲಿ ಎಲ್ಲ ಇತ್ತು. ಗೋಣಿಚೀಲದ ಮೇಲೆ ಕಾಲು ಚಾಚಿ, ಮಂಡಿ ನೀವಿಕೊಂಡ.

"ನೀನು ನೋಡಿದ ತಕ್ಷಣ ತಿಳ್ಕೋತೀಯ ಅಂದ್ಕೊಂಡಿದ್ದೆ. ಬೇರೆ ಯಾರಾದ್ರೂ ತಿದ್ದೋರಾಗಿದ್ರೆ ಮಡಚ್ತಾನೇ ಇರ್ಲಿಲ್ಲ. ನಿನ್ನ ಪರೀಕ್ಷೆ ಅಲ್ವಾ ಅಂತ ಧೈರ್ಯವಾಗಿ ಮಡಚಿದೆ." ಕುಂಚ ಎತ್ತಿಕೊಂಡು ಹೇಳಿದ, "ಅವತ್ತು ಆ ರೂಮಲ್ಲಿ ನೋಡ್ತೀನಿ, ನಿಂಗೆ ನೆನಪೇ ಇಲ್ಲ. ನಿಂಗೇ ನೆನಪಿಲ್ಲ ಅಂದ್ಮೇಲೆ ಆ ಮೂರು ಜನದ ಮುಂದೆ ನಾನು ಏನಂತ ಹೇಳ್ಲಿ? ಮೇಡಂಗೆ ಲೆಕ್ಕ ಕಲಿಸಿದ್ದು ಹೀಗೇ ಅಂತಾನಾ? ನಿನ್ನ ಮರ್ಯಾದೆ ಏನಾಗ್ತಿತ್ತು?"

ಅವಳು ಕಂಬ ಹಿಡಿದುಕೊಂಡು ನಿಂತಳು. ತನ್ನ ಪತ್ರ ಫೈಲಿಗೆ ಸೇರಿದ್ದು, ಸೀಟು ಸಿಗುವುದಿಲ್ಲವೆಂದದ್ದು, ಎಲ್ಲವನ್ನೂ ತೊದಲುತ್ತ ಹೇಳಿದಳು. ಅವನು ಹೂಂ ಹೂಂ ಎನ್ನುತ್ತ ಕೇಳಿದ. ಎಲ್ಲ ಮುಗಿದ ಮೇಲೆ ಕುಂಚದ ಕೂದಲನ್ನು ಬೆರಳಲ್ಲಿ ನೇರ ಮಾಡುತ್ತ, ಮುಖ ಎತ್ತದೆಯೇ ಕೇಳಿದ:

"ಉತ್ತರ ಸರಿ ಇತ್ತಾ?"

ಒಂದು ವರ್ಷದಲ್ಲಿ ಅದನ್ನು ಅವನಿಗೆ ಯಾರೂ ಹೇಳಿರಲಿಲ್ಲ ಎಂದು ಅವಳಿಗೆ ಆಗ ಹೊಳೆಯಿತು.

"ಸರಿ ಇತ್ತು ಅಣ್ಣ."

"ಎಷ್ಟು ಹಾಕ್ತಿದ್ದೆ? ಅರ್ಧಾನಾ? ಸ್ಟೆಪ್ಸ್ ಇರ್ಲಿಲ್ವಲ್ಲ."

"ಪೂರ್ತಿ ಹಾಕಿದೀನಿ," ಎಂದಳು ಅವಳು. "ಸ್ಟೆಪ್ಸ್ ಇತ್ತು ಅಣ್ಣ. ನಾನೇ ನೋಡಲಿಲ್ಲ."

ಅಣ್ಣ ತಲೆಯಾಡಿಸಿದ. ಪೂರ್ತಿ, ಎಂದು ಒಮ್ಮೆ ಬಾಯೊಳಗೇ ಹೇಳಿಕೊಂಡ. ಆಮೇಲೆ ಕಾಗದದ ಸುರುಳಿ ಎತ್ತಿಕೊಂಡು, ಮಂಡಿ ಹಿಡಿದು ಕಷ್ಟಪಟ್ಟು ಎದ್ದು, ಮುಂದಿನ ಕಂಬದ ಹತ್ತಿರ ಹೋದ. ಒಂದು ತುದಿಯನ್ನು ಹೆಬ್ಬೆರಳಲ್ಲಿ ಒತ್ತಿ ಹಿಡಿದು ಅವಳ ಕಡೆಗೆ ತಿರುಗಿದ.

"ಆ ತುದಿ ಹಿಡ್ಕೋ. ಸೆರಗು ಜೋಪಾನ, ಬಣ್ಣ ಇನ್ನೂ ಹಸಿ ಇದೆ."

ಅವಳು ಹಿಡಿದುಕೊಂಡಳು. ಪುಟ್ಟಿ ಎನ್ನುತ್ತಾನೇನೋ ಎಂದು ಕಾದಳು. ಅವನು ಅನ್ನಲಿಲ್ಲ, ಮೇಡಂ ಎಂದೂ ಅನ್ನಲಿಲ್ಲ. ಕಾಗದ ಎಳೆದು ನೇರ ಮಾಡಿ, ಎರಡು ತುದಿ ಸೇರಿಸಲು ಅವಳ ಕಡೆಗೆ ನಡೆದು ಬಂದ.